ಕೆಂಪು ದೀಪ ಹೇಳುವುದೆಷ್ಟು?

ಕಾರ್ಖಾನೆಯ ಯಂತ್ರಶ್ರೇಣಿಯೊಂದು ನಡೆಯುತ್ತಿದ್ದಂತೆಯೇ ಸ್ತಬ್ಧವಾಗಿ, ಪ್ಯಾನೆಲ್ಲಿನೊಳಗೆ ಯಂತ್ರಗಳನ್ನು ನಡೆಸುವ ಪ್ರೋಗ್ರಾಮೆಬಲ್ ನಿಯಂತ್ರಕವಾದ ಪಿಎಲ್‌ಸಿಯ ಮಾಡ್ಯೂಲೊಂದರ ಮೇಲೆ ಕೆಂಪು ದೀಪ ಮಿನುಗತೊಡಗಿತೆಂದರೆ, ಅಲ್ಲಿ ನೆರೆದವರಲ್ಲಿ ಒಬ್ಬರಲ್ಲ ಒಬ್ಬರ ಬಾಯಿಂದ ಹೊರಡುವ ಮೊದಲ ಮಾತು ‘ಕಾರ್ಡ್ ಹೋಗಿದೆ, ಬೇರೆ ಹಾಕಿ’ ಎಂಬುದು. ನಿಮಿಷ ನಿಮಿಷಕ್ಕೂ ಉತ್ಪಾದನೆಯ ನಷ್ಟ ಬೆಳೆಯುತ್ತಿರುವಾಗ ಈ ಆತುರ ಸ್ವಾಭಾವಿಕವೇ ಸರಿ. ಆದರೆ ಮಾಡ್ಯೂಲಿನೊಡನೆ ಸಂಪರ್ಕ ತಪ್ಪಿತೆಂಬ ಸೂಚನೆಗೂ ಮಾಡ್ಯೂಲೇ ಕೆಟ್ಟಿತೆಂಬ ನಿರ್ಣಯಕ್ಕೂ ನಡುವೆ ಬಹುದೂರವುಂಟು. ಆ ದೂರವನ್ನು ವಿಚಾರಪೂರ್ವಕವಾಗಿ ಕ್ರಮಿಸುವ ವಿದ್ಯೆಗೆ ನಮ್ಮ ಕಾರ್ಖಾನೆಗಳಲ್ಲಿ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಪಿಎಲ್‌ಸಿಯ ಹುಟ್ಟನ್ನೇ ನೋಡಿ: 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗದವರು, ಗೋಡೆಯುದ್ದಕ್ಕೂ ಹಬ್ಬಿದ್ದ ರಿಲೇಗಳ ಜಾಲದಿಂದ ಬೇಸತ್ತು, ಅವುಗಳ ಸ್ಥಾನದಲ್ಲಿ ನಿಲ್ಲಬಲ್ಲ ಒಂದು ವಿದ್ಯುನ್ಮಾನ ನಿಯಂತ್ರಕವನ್ನು ಅಪೇಕ್ಷಿಸಿದಾಗ, ದುರಸ್ತಿ ಸುಲಭವಾಗಬೇಕು, ಭಾಗಗಳು ಕಳಚಿ ಕೂಡಿಸಲು ಬರುವಂತಿರಬೇಕು ಎಂಬುದೂ ಅವರ ಬೇಡಿಕೆಗಳಲ್ಲಿ ಸೇರಿತ್ತು. ರಿಚರ್ಡ್ ಮಾರ್ಲಿ ಮತ್ತು ಅವರ ಸಂಗಡಿಗರು ನಿರ್ಮಿಸಿದ ‘ಮಾಡಿಕಾನ್ 084’ ಈ ಅಪೇಕ್ಷೆಗೆ ದೊರೆತ ಉತ್ತರ. ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಅವರ ಸಂಸ್ಥೆ ಕೈಗೊಂಡ ಎಂಬತ್ತನಾಲ್ಕನೆಯ ಕಾರ್ಯವಾದ್ದರಿಂದ ಅದಕ್ಕೆ ಆ ಸಂಖ್ಯೆ ಬಂದಿತು. ಕಳಚಿ ಕೂಡಿಸುವ ಆ ಸೌಕರ್ಯ ಇಂದಿಗೂ ಪಿಎಲ್‌ಸಿಯ ಮಹಾಗುಣವಾಗಿ ಉಳಿದಿದೆ. ಆದರೆ ಕಳಚುವ ಎಡೆಯಲ್ಲೆಲ್ಲ ಒಂದು ಸಂಧಿಯಿರುವುದು ಅನಿವಾರ್ಯ. ಬೆನ್ನುಫಲಕದ ಪಿನ್ನುಗಳು, ಟರ್ಮಿನಲ್ಲಿನ ತಿರುಪುಗಳು, ಕೇಬಲ್ಲಿನ ಕನೆಕ್ಟರುಗಳು, ದೂರದ ರ‍್ಯಾಕಿಗೆ ಹೋಗುವ ಜಾಲದ ಗಂಟುಗಳು—ದೋಷ ಮನೆಮಾಡುವುದು ಬಹುಮಟ್ಟಿಗೆ ಇಂಥ ಸಂಧಿಗಳಲ್ಲಿಯೇ ಹೊರತು ಮಾಡ್ಯೂಲಿನ ಅಂತರಂಗದಲ್ಲಲ್ಲ.

ನಿಯಂತ್ರಕಕ್ಕೂ ಮಾಡ್ಯೂಲಿಗೂ ಇರುವ ಸಂಬಂಧ ಕಾಲಬದ್ಧವಾದ ವಿನಿಮಯ. ಇಥರ್‌ನೆಟ್ ಐಪಿ ಜಾಲದಲ್ಲಿ, ಉದಾಹರಣೆಗೆ, ಇಷ್ಟು ಮಿಲಿಸೆಕೆಂಡಿಗೊಮ್ಮೆ ಮಾಹಿತಿ ಬರತಕ್ಕದ್ದೆಂದು ಮೊದಲೇ ನಿಗದಿಯಾಗಿರುತ್ತದೆ. ಒಂದೆರಡು ಬಾರಿ ತಪ್ಪಿದರೆ ನಿಯಂತ್ರಕ ಸೈರಿಸಿಕೊಂಡರೂ, ಆ ಅವಧಿಯ ಹಲವು ಪಟ್ಟು ಕಾಲ ಮೌನ ಮುಂದುವರಿದರೆ ಸಂಪರ್ಕ ಕಡಿಯಿತೆಂದು ಘೋಷಿಸುತ್ತದೆ. ಗೊತ್ತಾದ ದಿನಕ್ಕೆ ಬರುತ್ತಿದ್ದ ಮಗನ ಕಾಗದ ಬಾರದೆ ಹೋದಾಗ, ಬರೆಯುವವನಿಗೆ ಕಾಯಿಲೆಯೋ, ಹೊಳೆ ತುಂಬಿ ದಾರಿ ಕಟ್ಟಿತೋ, ವಿಳಾಸವೇ ತಪ್ಪಾಯಿತೋ ಎಂಬುದು ಹಳ್ಳಿಯಲ್ಲಿ ಕಾದಿರುವ ತಂದೆಗೆ ಹೇಗೆ ತಿಳಿಯದೋ, ನಿಯಂತ್ರಕದ ಸ್ಥಿತಿಯೂ ಹಾಗೆಯೇ. ಕಂಟ್ರೋಲ್‌ಲಾಜಿಕ್ಸ್ ನಿಯಂತ್ರಕ 16#0203 ಎಂಬ ಸಂಕೇತವನ್ನು ತೋರಿಸಿದರೆ, ನಡೆಯುತ್ತಿದ್ದ ಸಂಪರ್ಕ ಕಾಲ ಮೀರಿ ಕಡಿಯಿತೆಂದು ಅರ್ಥ. 16#0204 ಎಂದರೆ ಸಂಪರ್ಕಕ್ಕಾಗಿ ಕಳುಹಿಸಿದ ಕೋರಿಕೆಗೇ ಉತ್ತರ ಬರಲಿಲ್ಲವೆಂದು. ಮೊದಲನೆಯದರಲ್ಲಿ ದಾರಿಯೊಂದು ಇದ್ದದ್ದಂತೂ ನಿಶ್ಚಯ. ಎರಡನೆಯದರಲ್ಲಿ ವಿದ್ಯುತ್ತು, ಐಪಿ ವಿಳಾಸ, ಕೇಬಲ್ಲು ಎಲ್ಲವನ್ನೂ ಸಂಶಯಿಸಬೇಕಾಗುತ್ತದೆ. ಇನ್ನು 16#0116 ಬಂದರೆ ಮಾಡ್ಯೂಲು ಆರೋಗ್ಯವಾಗಿಯೇ ಇದ್ದು ಉತ್ತರವನ್ನೂ ಕೊಟ್ಟಿದೆ. ಪ್ರೋಗ್ರಾಮಿನಲ್ಲಿ ನಮೂದಿಸಿದ ಫರ್ಮ್‌ವೇರ್ ಆವೃತ್ತಿಗೂ ಅದರೊಳಗಿರುವ ಆವೃತ್ತಿಗೂ ಹೊಂದಿಕೆಯಾಗದೆ ತಿರಸ್ಕೃತವಾಗಿದೆ, ಅಷ್ಟೆ. ಅವಸರದಲ್ಲಿ ಹೊಸ ಕಾರ್ಡನ್ನು ತಂದು ಹಾಕಿದ ಮೇಲೆ ಹುಟ್ಟುವ ತೊಡಕು ಅನೇಕ ವೇಳೆ ಇದೇ ಆಗಿರುತ್ತದೆ.

ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಂಥ ಸ್ಥಳದಲ್ಲಿ, ಕಬ್ಬು ನುರಿಸುವ ಹಂಗಾಮಿನ ಉದ್ದಕ್ಕೂ ಹಗಲಿರುಳೆನ್ನದೆ ಯಂತ್ರಗಳು ಕಂಪಿಸುತ್ತಿರುವೆಡೆ, ಉಗಿಯ ತೇವವೂ ಸಿಪ್ಪೆಯ ಧೂಳೂ ಪ್ಯಾನೆಲ್ಲಿನ ಗ್ಲ್ಯಾಂಡುಗಳ ಸಂದಿಯಿಂದ ಒಳಹೊಗುವೆಡೆ, ತಂತಿಯ ತುದಿ ಸಡಿಲವಾಗುವುದಕ್ಕೂ ಪಿನ್ನು ಕಿಲುಬು ಹಿಡಿಯುವುದಕ್ಕೂ ವಿಶೇಷ ಕಾರಣ ಬೇಕಿಲ್ಲ. 24 ವೋಲ್ಟ್ ಪೂರೈಕೆ ವಿಶ್ರಾಂತಿಯಲ್ಲಿ ಸರಿಯಾಗಿಯೇ ಕಂಡು, ಹಲವು ಸೊಲೆನಾಯ್ಡುಗಳು ಒಟ್ಟಿಗೆ ಎಳೆದ ಕ್ಷಣದಲ್ಲಿ ಕುಸಿದು, ದೂರದ ಮಾಡ್ಯೂಲನ್ನು ಅರೆಗಳಿಗೆ ಮೂರ್ಛೆಗೊಳಿಸಿ ಮತ್ತೆ ಎಚ್ಚರಿಸುವುದುಂಟು. ಇಂಥ ದೋಷ ಮಲ್ಟಿಮೀಟರು ಹಿಡಿದು ನಿಂತಾಗ ಅಡಗಿ, ಹಿಡಿದವನು ಹೋದ ಮೇಲೆ ಮರಳುವುದರಿಂದ, ಹೊರೆ ಬಿದ್ದ ಸಮಯದಲ್ಲಿಯೇ ಅಳೆಯಬೇಕು. ಮೋಟರಿನ ವೇಗವನ್ನು ನಿಯಂತ್ರಿಸುವ ಡ್ರೈವುಗಳ ಪವರ್ ಕೇಬಲ್ಲನ್ನೂ ಸಂವಹನದ ಕೇಬಲ್ಲನ್ನೂ ಒಂದೇ ಟ್ರೇಯಲ್ಲಿ ಹಾಸುವ ದುರಭ್ಯಾಸದಿಂದಲೂ ಸಂಪರ್ಕ ಆಗಾಗ್ಗೆ ತುಂಡಾಗುತ್ತದೆ.

ಕೇಬಲ್ಲಿನ ತುದಿಯ ವಿಚಾರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಡಿವೈಸ್‌ನೆಟ್ ಜಾಲದ ಮುಖ್ಯ ಕೇಬಲ್ಲಿನ ಎರಡೂ ಕೊನೆಗಳಲ್ಲಿ 121 ಓಮ್ ರೋಧಕಗಳಿರಬೇಕೆಂದು ವಿಧಿ. ಇಲ್ಲವಾದರೆ ತುದಿಯನ್ನು ಮುಟ್ಟಿದ ಸಂಕೇತ ಪ್ರತಿಫಲಿಸಿ ಹಿಂದಿರುಗಿ, ಮುಂದೆ ಬರುತ್ತಿರುವ ಸಂಕೇತವನ್ನು ಕೆಡಿಸುತ್ತದೆ. ಜಾಲದ ವಿದ್ಯುತ್ತನ್ನು ತೆಗೆದು ಎರಡು ಸಂಕೇತ ತಂತಿಗಳ ನಡುವೆ ಅಳೆದಾಗ ಸುಮಾರು 60 ಓಮ್ ಬಂದರೆ ಎರಡೂ ರೋಧಕಗಳು ಸ್ಥಾನದಲ್ಲಿವೆ. 120ರ ಆಸುಪಾಸು ಬಂದರೆ ಒಂದು ಕಾಣೆಯಾಗಿದೆ. 60ಕ್ಕಿಂತ ಬಹಳ ಕೆಳಗಿಳಿದರೆ ಯಾರೋ ಮೂರನೆಯದನ್ನು ಸೇರಿಸಿರಬೇಕು, ಇಲ್ಲವೇ ಎಲ್ಲಿಯೋ ಷಾರ್ಟ್ ಆಗಿರಬೇಕು. ಅಲ್ಪ ಬೆಲೆಯ ಮೀಟರಿನಿಂದ ಕ್ಷಣಮಾತ್ರದಲ್ಲಿ ಆಗುವ ಈ ಪರೀಕ್ಷೆಯನ್ನು ಬಿಟ್ಟು ದುಬಾರಿ ಮಾಡ್ಯೂಲುಗಳನ್ನು ಒಂದಾದ ಮೇಲೊಂದರಂತೆ ಬದಲಾಯಿಸುವುದು ನಿಜಕ್ಕೂ ಶೋಚನೀಯ.

ಎಲ್ಲಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವುದು ‘ಒಮ್ಮೆ ಆಫ್ ಮಾಡಿ ಆನ್ ಮಾಡೋಣ’ ಎಂಬ ಪ್ರವೃತ್ತಿ. ಯಂತ್ರ ಮತ್ತೆ ನಡೆಯತೊಡಗುವುದೇನೋ ಹೌದು. ಆದರೆ ಯಾವ ದೀಪ ಉರಿಯುತ್ತಿತ್ತು, ಯಾವ ಸಂಕೇತವಿತ್ತು, ಒಂದೇ ಮಾಡ್ಯೂಲು ಬಿಟ್ಟುಹೋಯಿತೋ ಇಡೀ ರ‍್ಯಾಕೇ ಬಿಟ್ಟುಹೋಯಿತೋ ಎಂಬ ಸಾಕ್ಷ್ಯವೆಲ್ಲ ಆ ಒಂದು ಕ್ರಿಯೆಯಿಂದ ಅಳಿಸಿಹೋಗಬಹುದು. ಇಡೀ ರ‍್ಯಾಕು ಹೋಗಿದ್ದರೆ ಅದರ ಪೂರೈಕೆಯನ್ನೂ ಸಂವಹನ ಅಡಾಪ್ಟರನ್ನೂ ನೋಡಬೇಕು. ಒಂದೇ ಹೋಗಿದ್ದರೆ ಅದು ಕುಳಿತ ಸ್ಲಾಟನ್ನು. ಸೀಮೆನ್ಸ್‌ನ ಎಸ್7-300ರಲ್ಲಿ ದೂರದ ಸ್ಟೇಷನ್ನು ಕಳಚಿಕೊಂಡಾಗ, ಆ ಸಂದರ್ಭಕ್ಕೆಂದೇ ಇರುವ ಓಬಿ 86 ಎಂಬ ಭಾಗ ಪ್ರೋಗ್ರಾಮಿನಲ್ಲಿ ಇಲ್ಲದಿದ್ದರೆ ಸಿಪಿಯು ತಾನೇ ನಿಂತುಬಿಡುತ್ತದೆ. ಆಗ ಎಲ್ಲೋ ಮೂಲೆಯ ಒಂದು ಸಡಿಲ ತಿರುಪು ಸಿಪಿಯುವಿನ ದೋಷವೆಂಬಂತೆ ತೋರಿ, ಪರೀಕ್ಷಕನನ್ನು ದಾರಿ ತಪ್ಪಿಸುತ್ತದೆ. ಡಯಾಗ್ನೋಸ್ಟಿಕ್ ಬಫರನ್ನು ತೆರೆದು ಘಟನೆಗಳ ಅನುಕ್ರಮವನ್ನು ಓದಿದವನಿಗೆ ಈ ಭ್ರಮೆ ಉಂಟಾಗದು.

ಆದ್ದರಿಂದ ಕಾರ್ಖಾನೆಗಳನ್ನು ನಡೆಸುವವರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಪ್ರತಿಯೊಂದು ಪ್ಯಾನೆಲ್ಲಿನ ಬಾಗಿಲೊಳಗೆ ಮಾಡ್ಯೂಲುಗಳ ವಿಳಾಸ, ಫರ್ಮ್‌ವೇರ್ ಆವೃತ್ತಿ ಮತ್ತು ಜಾಲದ ನಕ್ಷೆಯನ್ನು ಇಡಿಸಿ, ಚಾಲ್ತಿಯಲ್ಲಿರುವ ಪ್ರೋಗ್ರಾಮಿನ ಪ್ರತಿ ರಾತ್ರಿಪಾಳಿಯ ಕೆಲಸಗಾರನ ಕೈಗೂ ದೊರೆಯುವಂತೆ ಮಾಡಿ, ಮತ್ತು ಲೈನು ನಿಂತಾಗ, ಮಾಡ್ಯೂಲನ್ನು ಮುಟ್ಟುವ ಮುನ್ನ ಅದರ ದೀಪಗಳನ್ನೂ ಸಂಕೇತವನ್ನೂ ಬರೆದುಕೊಳ್ಳಲು ಬೇಕಾದ ಐದು ನಿಮಿಷವನ್ನು ಆತನಿಗೆ ಕೊಡಿ.