ಅರಿವೆಗೆ ಸಿಗದ ಲೆಕ್ಕ

ಬೆಳಗಾವಿ ಜಿಲ್ಲೆಯ ಸಂಪಗಾಂವ, ಸವದತ್ತಿ ಕಡೆಯ ಹಿರಿಯರು ಹಳೆಯ ಹೆರಿಗೆಗಳ ಮಾತು ತೆಗೆದರೆ ಅರಿವೆಯ ಸುದ್ದಿ ಬಂದೇ ಬರುತ್ತದೆ. ಬಾಣಂತಿಯ ಕೆಳಗೆ ಹಳೆ ಸೀರೆ ಹಾಸುವುದು, ತೊಯ್ದರೆ ಇನ್ನೊಂದು. ಎಷ್ಟು ಅರಿವೆ ತೊಯ್ದವೋ ಅಷ್ಟೇ ಲೆಕ್ಕ. ರಕ್ತ ಹೆಚ್ಚು ಹೋಯಿತೆಂದು ತಿಳಿಯುವುದರೊಳಗೆ ಕೈಕಾಲು ತಣ್ಣಗಾಗಿರುತ್ತಿದ್ದವು. ಮಳೆಗಾಲದ ಎರೆಮಣ್ಣಿನಲ್ಲಿ ಚಕ್ಕಡಿ ಹೂತರೆ ಬೈಲಹೊಂಗಲದ ಆಸ್ಪತ್ರೆಯೂ ದೂರ.

ಈ ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಒಂದು ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಹಾಸಿ, ಹೊಟ್ಟೆಯ ಸುತ್ತ ದಾರ ಕಟ್ಟುತ್ತಾರೆ. ಹಾಳೆಯ ತುದಿ ಲಾಳಿಕೆಯಂತೆ ಇಳಿದು ಮಂಚದಿಂದ ಜೋತುಬೀಳುತ್ತದೆ. ಅದರ ಮೇಲೆ ಅಳತೆಯ ಗೆರೆಗಳು. ರಕ್ತ 500 ಮಿ.ಲೀ. ಮುಟ್ಟಿತೆಂದರೆ ಅಪಾಯ, ನರ್ಸಬಾಯಿ ಊಹಿಸಬೇಕಿಲ್ಲ, ಬಗ್ಗಿ ನೋಡಿದರೆ ಸಾಕು. ಬೆಳಗಾವಿಯಲ್ಲೇ ನಡೆದ ಒಂದು ಹೋಲಿಕೆಯಲ್ಲಿ ಕಣ್ಣಳತೆಯ ಅಂದಾಜು ಈ ಹಾಳೆಯ ಅಳತೆಗಿಂತ 33% ಕಡಿಮೆ ಬಂದಿತ್ತು. ಪಳಗಿದ ಕಣ್ಣೂ ಮೋಸಹೋಗುತ್ತದೆ.

ಈ ಹಾಳೆಯ ಹೆಸರು ಬ್ರಾಸ್-ವಿ. ರೂಪಿಸಿದವರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇಟ್ಟದ್ದು. ಅವರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸ್ತ್ರೀರೋಗ ತಜ್ಞ ಡಾ. ಭಾಲಚಂದ್ರ ಕೊಡಕಣಿ ಇದ್ದರು, ಬಡದೇಶಗಳ ತಾಯಂದಿರಿಗಾಗಿ ದುಡಿದ ಅಮೆರಿಕದ ಡಾ. ರಿಚರ್ಡ್ ಡರ್ಮನ್ ಇದ್ದರು.

ಇವರ ತಂಡ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ರಕ್ತಸ್ರಾವ ತಡೆಯಬಲ್ಲ ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಪರೀಕ್ಷಿಸಿತು. ಇದೇ ಕೆಲಸಕ್ಕೆ ಕೊಡುವ ಆಕ್ಸಿಟೋಸಿನ್ ಮದ್ದಿಗೆ ಸೂಜಿ ಬೇಕು, ತಂಪು ಬೇಕು. ಗುಳಿಗೆಗೆ ಎರಡೂ ಬೇಡ. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ಹಾಳೆ ಹಾಸಿ ಅಳೆದವರು ಊರೂರಿನ ನರ್ಸಬಾಯಿಯರೇ. ಒಪ್ಪಿ ಸೇರಿದ ತಾಯಂದಿರು 1,620. ಅತಿಯಾದ ರಕ್ತಸ್ರಾವ 12%ರಿಂದ 6.4%ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರ ರಕ್ತಸ್ರಾವ ತಡೆಯಲು ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಬಾಣಂತಿಯ ಕೆಳಗೆ ಇಂಥದೇ ಗೆರೆಯ ಹಾಳೆ ಹಾಸಿದ್ದರು.

ಆ 1,620 ತಾಯಂದಿರಲ್ಲಿ ಅರ್ಧದಷ್ಟು ಜನರಿಗೆ ಸಿಕ್ಕಿದ್ದು ಔಷಧವಿಲ್ಲದ, ನೋಡಲು ಮಾತ್ರ ಹಾಗೆಯೇ ಇದ್ದ ಗುಳಿಗೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ. ಲೇಖನಗಳಲ್ಲಿ ವೈದ್ಯರ ಹೆಸರುಗಳಿವೆ, ಇರಲೇಬೇಕು. ನನ್ನ ಮನಸ್ಸು ಮಾತ್ರ ಆ ತಾಯಂದಿರ ಕಡೆಗೇ ಹೋಗುತ್ತದೆ. ಆಗ ಹುಟ್ಟಿದ ಹೆಣ್ಣುಮಕ್ಕಳಿಗೆ ಈಗ ಇಪ್ಪತ್ತು ದಾಟಿದೆ, ಚೊಚ್ಚಲ ಹೆರಿಗೆಗೆ ತವರಿಗೆ ಬರುವ ವಯಸ್ಸು. ಅವ್ವ ಅಂದು ನುಂಗಿದ ಮೂರು ಗುಳಿಗೆಯ ಸುದ್ದಿಯನ್ನು ಅವರಿಗೆ ಯಾರಾದರೂ ಹೇಳಿದ್ದಾರೆಯೇ?