ಪಟಾಕಿ ರಾತ್ರಿಗೆ ಸಜ್ಜಿಯ ತಯಾರಿ

ನಾಂಪಲ್ಲಿಯಲ್ಲಿ ಸದ್ದಿಲ್ಲದ ದಿನ ಅಂತ ಒಂದಿಲ್ಲ. ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟು, ಆಟೊಗಳ ಹಾರನ್ನು, ಮದುವೆ ಬಾರಾತಿನ ಮರ್ಫಾ ಬಡಿತ, ಗಣೇಶ ವಿಸರ್ಜನೆಗೆ ಮೊಜಂಜಾಹಿ ಮಾರ್ಕೆಟ್ ದಾಟಿ ಹೋಗುವ ಮೆರವಣಿಗೆ. ಜನವರಿ 1 ಬಂತೆಂದರೆ ಎಕ್ಸಿಬಿಷನ್ ಗ್ರೌಂಡಿನಲ್ಲಿ ಒಂದೂವರೆ ತಿಂಗಳು ನುಮಾಯಿಷ್ ಗದ್ದಲ. ರಾಯಚೂರಿನಿಂದ ಬಂದ ನನಗೆ ಇದೆಲ್ಲ ರೂಢಿಯಾಗಲು ಆರು ತಿಂಗಳು ಹಿಡಿಯಿತು. ನಮ್ಮ ನಾಯಿ ಸಜ್ಜಿಗೆ ಅಷ್ಟೂ ಬೇಕಾಗಲಿಲ್ಲ. ಆದರೆ ಒಂದು ಸದ್ದಿಗೆ ಮಾತ್ರ ಅವಳು ಹೊಂದಿಕೊಳ್ಳಲೇ ಇಲ್ಲ. ಅದು ಪಟಾಕಿ.

ಸಜ್ಜಿ ಬೀದಿಯಿಂದ ಬಂದ ನಾಡ ನಾಯಿ. ಮೈಬಣ್ಣ ನೋಡಿ ಇಟ್ಟ ಹೆಸರು. ತೆಲುಗಿನಲ್ಲೂ ಸಜ್ಜೆಗೆ ಸಜ್ಜಲು ಅಂತಲೇ ಅನ್ನುವುದರಿಂದ ಅಕ್ಕಪಕ್ಕದವರಿಗೆ ಅರ್ಥ ಹೇಳುವ ಕೆಲಸವೂ ಇಲ್ಲ. ಅವಳು ನಮ್ಮ ಮನೆಗೆ ಬಂದ ಮೊದಲ ದೀಪಾವಳಿಯಂದು ಸ್ನಾನದ ಕೋಣೆಯ ಮೂಲೆಯಲ್ಲಿ ಬಕೆಟ್ಟಿನ ಹಿಂದೆ ನುಸುಳಿದವಳು ಬೆಳಗಿನವರೆಗೆ ಹೊರಗೆ ಬರಲಿಲ್ಲ. ಮೈಯೆಲ್ಲ ನಡುಕ, ಬಾಯಿಂದ ಜೊಲ್ಲು, ಏದುಸಿರು. ಇಷ್ಟದ ಚಿಕನ್ ತುಂಡನ್ನೂ ಮೂಸಲಿಲ್ಲ.

'ಒಂದು ದಿನ ತಾನೇ, ಸರಿಹೋಗುತ್ತೆ' ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಅದು ಒಂದು ದಿನವಲ್ಲ. ಹಬ್ಬಕ್ಕೆ ವಾರ ಮೊದಲೇ ಮಕ್ಕಳ ಕೈಗೆ ಪಟಾಕಿ ಬಂದಿರುತ್ತದೆ. ದೀಪಾವಳಿ ಮುಗಿದ ಮೇಲೆ ಇಲ್ಲಿ ನಾರಾಯಣಗುಡದ ಸದರ್ ಹಬ್ಬ, ಅಂದರೆ ಯಾದವರ ಕೋಣಗಳ ಮೆರವಣಿಗೆ. ಆಮೇಲೆ ಮದುವೆಗಳು, ಡಿಸೆಂಬರ್ 31, ನಡುವೆ ಭಾರತ ಗೆದ್ದ ಕ್ರಿಕೆಟ್ ಪಂದ್ಯಗಳು. ಅದೂ ಅಲ್ಲದೆ, ಸದ್ದಿನ ಹೆದರಿಕೆ ವರ್ಷ ಕಳೆದಂತೆ ತಾನಾಗಿ ಇಳಿಯುತ್ತದೆಂದು ನಂಬುವ ಹಾಗಿಲ್ಲ. ಬಹಳ ನಾಯಿಗಳಲ್ಲಿ ಅದು ಏರುತ್ತ ಹೋಗಿ, ಗುಡುಗಿಗೆ, ಕುಕ್ಕರ್ ಸೀಟಿಗೆ, ಬಾಗಿಲು ಬಡಿದ ಸದ್ದಿಗೂ ಹಬ್ಬುತ್ತದೆ.

ರೈಲಿಗೆ ಹೆದರದ ನಾಯಿ ಪಟಾಕಿಗೆ ಯಾಕೆ ಹೆದರುತ್ತದೆ? ರೈಲಿನ ಸದ್ದು ದೂರದಿಂದ ನಿಧಾನವಾಗಿ ಏರುತ್ತದೆ, ದಿನವೂ ಬರುತ್ತದೆ. ಪಟಾಕಿ ಹೇಳದೆ ಕೇಳದೆ ಸಿಡಿಯುತ್ತದೆ, ಜೊತೆಗೆ ಬೆಳಕು, ಮದ್ದಿನ ವಾಸನೆ. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯದು ಸುಮಾರು 45,000 ಹರ್ಟ್ಸ್‌ವರೆಗೆ ಕೇಳುತ್ತದೆ. ನಾವು ಕೇಳದ ಭಾಗವನ್ನೂ ಅದು ಕೇಳುತ್ತದೆ.

ಕಾನೂನಿನ ಪ್ರಕಾರ ಪಟಾಕಿಯ ಸದ್ದು 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದು. ಬಯಲಿನಲ್ಲಾದರೆ ದೂರ ದುಪ್ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 8 ಮೀಟರಿಗೆ 119, 16 ಮೀಟರಿಗೆ 113. ನಮ್ಮ ಮೂರನೇ ಮಹಡಿಯ ಬಾಲ್ಕನಿ ಗಲ್ಲಿಯಿಂದ ಅದಕ್ಕಿಂತ ದೂರವೇನಿಲ್ಲ. ಇಕ್ಕಟ್ಟಾದ ಗಲ್ಲಿಯಲ್ಲಿ ಗೋಡೆಗಳು ಸದ್ದನ್ನು ಮರಳಿಸುವುದರಿಂದ ಅಷ್ಟೂ ಇಳಿಯುವುದಿಲ್ಲ. ವಸತಿ ಪ್ರದೇಶಕ್ಕೆ ನಿಯಮ ಒಪ್ಪಿರುವ ಮಟ್ಟ ಹಗಲಿಗೆ 55, ರಾತ್ರಿಗೆ 45. ಇನ್ನು 'ಗ್ರೀನ್ ಪಟಾಕಿ' ಎಂದರೆ ಸದ್ದಿಲ್ಲದ ಪಟಾಕಿ ಎಂದು ತಿಳಿದವರು ಬಹಳ. ಅದರಲ್ಲಿ ಮುಖ್ಯವಾಗಿ ಕಡಿಮೆಯಾಗುವುದು ಹೊಗೆ. ಸದ್ದು ಇದ್ದೇ ಇರುತ್ತದೆ.

ಆ ಮೊದಲ ದೀಪಾವಳಿಯ ಮರುವಾರ ಸಜ್ಜಿಯನ್ನು ಪಶುವೈದ್ಯರ ಬಳಿ ಕರೆದೊಯ್ದೆ. ಅವರು ಹೇಳಿದ ಎರಡು ಮಾತು ನನ್ನ ಎಣಿಕೆಯನ್ನೇ ಬದಲಿಸಿದವು. ಮೊದಲನೆಯದು, ಹೆದರಿದ ನಾಯಿಯನ್ನು ಮುದ್ದಿಸಿದರೆ ಹೆದರಿಕೆ ಹೆಚ್ಚುತ್ತದೆ ಎಂಬುದು ತಪ್ಪು. ಹೆದರಿಕೆ ಕಲಿತ ಚೇಷ್ಟೆಯಲ್ಲ, ಅದೊಂದು ಭಾವನೆ. ಹತ್ತಿರ ಬಂದರೆ ಒರಗಿಸಿಕೊಳ್ಳಿ, ಅಡಗಿಕೊಂಡರೆ ಎಳೆಯಬೇಡಿ. ಎರಡನೆಯದು, ಇದಕ್ಕೆ ಔಷಧಿ ಇದೆ. ಟ್ರಾಜೊಡೋನ್, ಗ್ಯಾಬಪೆಂಟಿನ್, ಅಲ್ಪ್ರಾಜೊಲಮ್ ಮುಂತಾದವನ್ನು ನಾಯಿಯ ತೂಕ, ವಯಸ್ಸು, ಬೇರೆ ಕಾಯಿಲೆ ನೋಡಿ ವೈದ್ಯರು ಕೊಡುತ್ತಾರೆ. ಹಳೆಯ ಕಾಲದ ಅಸಿಪ್ರೊಮಜೀನ್ ಒಂದನ್ನೇ ಕೊಟ್ಟರೆ ಮೈ ಜಡವಾಗುತ್ತದೆ, ಹೆದರಿಕೆ ಒಳಗೆ ಹಾಗೇ ಉಳಿಯುತ್ತದೆ. ಮಾತ್ರೆಯನ್ನು ಹಬ್ಬದ ದಿನವೇ ಮೊದಲ ಸಲ ಕೊಡಬಾರದು, ಒಂದು ಸಾಧಾರಣ ದಿನ ಕೊಟ್ಟು ಹೇಗೆ ಒಗ್ಗುತ್ತದೆ ನೋಡಬೇಕು. ಹಬ್ಬದಂದು ಸದ್ದು ಶುರುವಾಗುವ ಮೊದಲೇ ಹೊಟ್ಟೆಯಲ್ಲಿರಬೇಕು. ಮನೆಯವರ ನಿದ್ದೆ ಮಾತ್ರೆಯನ್ನೋ ನೋವಿನ ಮಾತ್ರೆಯನ್ನೋ ಅಂದಾಜಿನಲ್ಲಿ ಕೊಟ್ಟರೆ ಪ್ರಾಣಕ್ಕೇ ಕುತ್ತು.

ಇಂಜಿನಿಯರ್ ಬುದ್ಧಿ, ಏನು ಕೆಲಸ ಮಾಡುತ್ತದೆ ಎಂದು ಅಂಕಿಅಂಶ ಹುಡುಕಿದೆ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ 1,225 ಮಂದಿ ನಾಯಿ ಸಾಕಿದವರನ್ನು ಕೇಳಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆ ಸಿಕ್ಕಿತು. ಸದ್ದಾದ ಕೂಡಲೇ ರುಚಿಯಾದ ತಿಂಡಿ ಕೊಡುವುದೋ ಆಟ ಆಡಿಸುವುದೋ ಮಾಡಿದವರಲ್ಲಿ 70%ಕ್ಕೂ ಹೆಚ್ಚು ಮಂದಿ ಉಪಯೋಗವಾಯಿತು ಎಂದರು. ವೈದ್ಯರ ಔಷಧಿಗೂ, ಶಾಂತವಾಗಿ ಮಲಗುವ ತರಬೇತಿಗೂ 69%. ರೆಕಾರ್ಡ್ ಮಾಡಿದ ಸದ್ದು ಕೇಳಿಸಿ ರೂಢಿ ಮಾಡಿಸುವುದಕ್ಕೆ 55%. ಗಿಡಮೂಲಿಕೆ, ಹೋಮಿಯೋಪತಿ, ಸುಗಂಧದೆಣ್ಣೆಯಂಥವು ಬಹಳ ಕೆಳಗಿದ್ದವು. ಇವು ಸಾಕಿದವರ ಅಭಿಪ್ರಾಯಗಳು, ಪ್ರಯೋಗಾಲಯದ ಫಲಿತಾಂಶವಲ್ಲ. ಆದರೂ ದಾರಿ ಗೊತ್ತಾಯಿತು.

ಮುಂದಿನ ಹಬ್ಬಕ್ಕೆ ಎರಡು ತಿಂಗಳು ಮೊದಲೇ ಕೆಲಸ ಶುರು ಮಾಡಿದೆವು. ಗಲ್ಲಿಗೆ ತಾಗದ ಒಳಕೋಣೆಯೊಂದನ್ನು ಸಜ್ಜಿಗೆ ಬಿಟ್ಟುಕೊಟ್ಟೆವು. ಮಂಚದ ಕೆಳಗೆ ಹಾಸಿಗೆ, ಸುತ್ತ ಅವ್ವನ ಹಳೆಯ ಕೌದಿ, ಕಿಟಕಿಗೆ ದಪ್ಪ ಪರದೆ. ದಿನದ ಊಟ ಅಲ್ಲೇ. ಸದ್ದಿಲ್ಲದ ದಿನಗಳಲ್ಲೇ ಆ ಜಾಗ ಅವಳಿಗೆ ಇಷ್ಟವಾಗಬೇಕಿತ್ತು. ಪಟಾಕಿ ಸದ್ದಿನ ರೆಕಾರ್ಡಿಂಗನ್ನು ನಮಗೇ ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಪ್ರತಿ 'ಢಂ'ಗೂ ಒಂದು ತುಂಡು ಬೇಯಿಸಿದ ಚಿಕನ್. ಸದ್ದು ಮೊದಲು, ತಿಂಡಿ ಆಮೇಲೆ. ಕಿವಿ ಹಿಂದಕ್ಕೆ ಮಡಚಿದರೆ ಅಂದಿನ ಪಾಠ ಮುಗಿಯಿತು, ಮಾರನೆಯ ದಿನ ಇನ್ನೂ ಸಣ್ಣಗೆ. ಫೋನಿನ ಸ್ಪೀಕರಿನಲ್ಲಿ ಪಟಾಕಿಯ ದಪ್ಪ ಸದ್ದು ಬರುವುದೇ ಇಲ್ಲ, ಹಾಗಾಗಿ ದೊಡ್ಡ ಸ್ಪೀಕರೇ ಬೇಕು. ಹಬ್ಬ ಹತ್ತಿರ ಬಂದ ಮೇಲೆ ಈ ಪಾಠ ಶುರು ಮಾಡಬಾರದು, ಹೊರಗಿನ ನಿಜವಾದ ಪಟಾಕಿ ಒಂದೇ ಸಂಜೆಯಲ್ಲಿ ಎಲ್ಲ ಕೆಡಿಸಿಬಿಡುತ್ತದೆ.

ಹಬ್ಬದ ದಿನದ ಕ್ರಮ ಸರಳ. ಮಧ್ಯಾಹ್ನವೇ ಚೆನ್ನಾಗಿ ಓಡಾಡಿಸಿ, ಕತ್ತಲಾಗುವ ಮೊದಲು ಹೊರಗಿನ ಕೆಲಸ ಮುಗಿಸುವುದು. ಆಗಲೂ ಬೆಲ್ಟ್ ಬಿಡುವ ಹಾಗಿಲ್ಲ, ಬೆಚ್ಚಿದ ನಾಯಿ ಎತ್ತ ಓಡುತ್ತದೋ ಅದಕ್ಕೇ ಗೊತ್ತಿರುವುದಿಲ್ಲ. ಕುತ್ತಿಗೆಯ ಬಿಲ್ಲೆಯ ಮೇಲೆ ಫೋನ್ ನಂಬರ್. ಬಾಲ್ಕನಿ ಬಾಗಿಲಿಗೆ ಚಿಲಕ. ಕಿಟಕಿ ಮುಚ್ಚಿ ಫ್ಯಾನ್, ಟಿವಿ ಹಾಕುವುದು. ಒಣದ್ರಾಕ್ಷಿ ಹಾಕಿದ ಸಿಹಿ, ಚಾಕೊಲೇಟ್ ನಾಯಿಗೆ ವಿಷ, ಬಂದವರಿಗೆ ಮೊದಲೇ ಹೇಳಿಬಿಡುವುದು. ಮಾರನೆಯ ಬೆಳಿಗ್ಗೆ ಸುಟ್ಟ ಪಟಾಕಿಯ ಚೂರು ನೆಕ್ಕದಂತೆ ನೋಡಿಕೊಳ್ಳುವುದು.

ಎಲ್ಲಕ್ಕಿಂತ ಕಷ್ಟವಾದದ್ದು ನೆರೆಯವರ ಹತ್ತಿರ ಮಾತಾಡುವುದು. ಪರಊರಿನಲ್ಲಿ ಬಾಡಿಗೆಗೆ ಇರುವವನು, ಅದೂ ಹಬ್ಬದ ವಿಷಯ. ಕಾನೂನು ನಮ್ಮ ಕಡೆಗಿದೆ ನಿಜ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿ ಬೇಡವೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. 2018ರ ತೀರ್ಪು ದೀಪಾವಳಿಗೆ ರಾತ್ರಿ 8ರಿಂದ 10 ಎಂದು ಗೆರೆ ಎಳೆಯಿತು, ಸರಪಟಾಕಿಯನ್ನೂ ನಿಷೇಧಿಸಿತು. ಆದರೆ ತೀರ್ಪು ಹಿಡಿದುಕೊಂಡು ಬಾಗಿಲು ಬಡಿದರೆ ಮರುದಿನ ಲಿಫ್ಟಿನಲ್ಲಿ ಯಾರೂ ಮುಖ ಕೊಡುವುದಿಲ್ಲ. ನಾನು ಮಕ್ಕಳನ್ನೇ ಮನೆಗೆ ಕರೆದೆ. ಸಜ್ಜಿಯ ಕೋಣೆ ತೋರಿಸಿದೆ, ಅವಳಿಗೆ ತಿಂಡಿ ಕೊಡಲು ಬಿಟ್ಟೆ. ನಿಲ್ಲಿಸಿ ಅನ್ನಲಿಲ್ಲ. ಗಲ್ಲಿಯ ಆ ಕೊನೆಯಲ್ಲಿ ಹಚ್ಚಿ, ಶುರು ಮಾಡುವ ಮೊದಲು ಒಂದು ಮಿಸ್ಡ್ ಕಾಲ್ ಕೊಡಿ ಅಂದೆ. ಕೆಳಮನೆಯ ಚಾಚಾ ಜವಾಬ್ದಾರಿ ತಗೊಂಡರು. 7.50ಕ್ಕೆ ಸರಿಯಾಗಿ ಮಿಸ್ಡ್ ಕಾಲ್ ಬಂತು.

ಇನ್ನು ಊರಿಗೆ ಹೋಗುವ ಪ್ರಶ್ನೆ. ನಮ್ಮಂಥವರಿಗೆ ದೀಪಾವಳಿ ಅಂದರೆ ಮೊದಲು ಟಿಕೆಟ್. ರೈಲಿನಲ್ಲಿ ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಬೇಕೆಂದರೆ ಫಸ್ಟ್ ಎಸಿಯ ಇಡೀ ಕೂಪೆಯನ್ನೋ ಕ್ಯಾಬಿನ್ನನ್ನೋ ಹಿಡಿಯಬೇಕು. ಇಲ್ಲವಾದರೆ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿ ಗಾರ್ಡ್ ಡಬ್ಬಿಯ ಪೆಟ್ಟಿಗೆಗೆ ಹಾಕಬೇಕು. ಹೆದರುವ ನಾಯಿಯನ್ನು ಆ ಪೆಟ್ಟಿಗೆಗೆ ಹಾಕಲು, ಹಬ್ಬದ ರಾತ್ರಿ ಗುರುತಿಲ್ಲದ ಬೋರ್ಡಿಂಗಿನಲ್ಲಿ ಬಿಡಲು ಮನಸ್ಸಾಗಲಿಲ್ಲ. ಅವ್ವನಿಗೆ ಫೋನಿನಲ್ಲಿ ಹೇಳಿದೆ.

'ನಾಯಿ ಸಲುವಾಗಿ ಹಬ್ಬಕ್ಕ ಬರಂಗಿಲ್ಲಂದ್ರ ಮಂದಿ ಏನಂದಾರು?'

'ಮಂದಿ ಅನ್ನಲಿ ಬಿಡವ್ವ. ಈ ಸಲ ನೀನೂ ಅಪ್ಪನೂ ಇಲ್ಲಿಗೇ ಬರ್ರಿ.'

ಎರಡು ದಿನ ಮಾತಿಲ್ಲ. ಮೂರನೇ ದಿನ ಅಪ್ಪ ತಾವೇ ಫೋನ್ ಮಾಡಿ ಯಾವ ರೈಲಿಗೆ ಬರಬೇಕೆಂದು ಕೇಳಿದರು.

ಆ ರಾತ್ರಿ ಸಜ್ಜಿ ಹೆದರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನಡುಗಿದಳು, ಎರಡು ಸಲ ಎದ್ದು ಓಡಾಡಿದಳು. ಆದರೆ ತಿಂದಳು, ನೀರು ಕುಡಿದಳು. ಒಳಕೋಣೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದ ಅವ್ವನ ಪಾದಕ್ಕೆ ಒರಗಿ, ಹೊರಗೆ ಇನ್ನೂ ಸಿಡಿಯುತ್ತಿದ್ದಾಗಲೇ ನಿದ್ದೆ ಹೋದಳು. 'ಕೂಸಿನಂಗ ಐತಿ' ಅಂದ ಅವ್ವ, ಕಾಲು ಜೋಮು ಹಿಡಿದರೂ ಅಲುಗಲಿಲ್ಲ.

ಪುಣೆಯಲ್ಲೋ ಚೆನ್ನೈಯಲ್ಲೋ ದುಬೈಯಲ್ಲೋ ಇರುವ ನಿಮ್ಮ ಮನೆಯ ನಾಯಿ ಕಳೆದ ಹಬ್ಬದಲ್ಲಿ ಮಂಚದ ಕೆಳಗೆ ರಾತ್ರಿ ಕಳೆದಿದ್ದರೆ, ಊರಿನ ಟಿಕೆಟ್ ಬುಕ್ ಮಾಡುವ ದಿನವೇ ಪಶುವೈದ್ಯರ ಅಪಾಯಿಂಟ್‌ಮೆಂಟೂ ತೆಗೆದುಕೊಳ್ಳಿ. ಪಾಠಕ್ಕೆ ಎರಡು ತಿಂಗಳು ಬೇಕು. ಅಷ್ಟು ಸಮಯ ಉಳಿದಿಲ್ಲವಾದರೆ ಒಳಕೋಣೆ, ಔಷಧಿ, ಕೈಯಲ್ಲಿ ತಿಂಡಿ, ಜೊತೆಗೆ ಒಬ್ಬರು. ಇಷ್ಟಕ್ಕೆ ಒಂದು ವಾರ ಸಾಕು.