ಕುದಿಸಿದರೂ ಸಾಯದ ರೋಗಾಣು



ನಮ್ಮ ಕಡೆ ಊರಹಬ್ಬದಲ್ಲಿ ಬಾಡಿನ ಎಸರು ಮಿಕ್ಕರೆ, ಅದೇ ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಮುದ್ದೆಗೆ ಬಡಿಸುವುದುಂಟು. "ಚೆನ್ನಾಗಿ ಕುದಿಸಿದ್ದೇವಲ್ಲ, ಇನ್ನೇನು ಭಯ?" ಎಂದು ನೀವು ಕೇಳಬಹುದು. ಕುದಿಸಿದರೆ ಬಹುಪಾಲು ರೋಗಾಣುಗಳು ಸಾಯುವುದು ನಿಜ. ಎಲ್ಲವೂ ಸಾಯುವುದಿಲ್ಲ.

ಅಣ್ಣೆ ಕಳೆಯನ್ನು ನೆನೆಯಿರಿ. ಬೇಸಿಗೆಯ ಹೊಲದಲ್ಲಿ ಅದರ ಗುರುತೇ ಇರುವುದಿಲ್ಲ. ಹದಮಳೆ ಬಿದ್ದೊಡನೆ ಎಲ್ಲೆಲ್ಲೂ ಮೊಳಕೆ. ಕೆಲವು ರೋಗಾಣುಗಳೂ ಹೀಗೆಯೇ ಗಟ್ಟಿ ಕವಚದ ಬೀಜಾಣುಗಳಾಗಿ ಮಣ್ಣು, ಧೂಳು, ಅಕ್ಕಿ, ಮಾಂಸಗಳಲ್ಲಿ ಬಹುಕಾಲ ಮಲಗಿರುತ್ತವೆ. ಕುದಿಯುವ ನೀರಿನ ಶಾಖವನ್ನೂ ತಡೆಯುತ್ತವೆ. ದನಗಳ ನೆರಡಿ ರೋಗದ ಬೀಜಾಣುಗಳನ್ನು 1876ರಲ್ಲಿಯೇ ಜರ್ಮನಿಯ ರಾಬರ್ಟ್ ಕಾಖ್ ವಿವರಿಸಿದ್ದರು. ಅನ್ನ ಕೆಡಿಸುವ ಬ್ಯಾಸಿಲಸ್ ಸೀರಿಯಸ್ ಆ ನೆರಡಿಯ ದಾಯಾದಿ; ಬಾಡಿನಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ನಮ್ಮ ಚಪ್ಪೆ ರೋಗದ ದಾಯಾದಿ.

ಎಸರು ಆರುತ್ತ ಬಂದಾಗ ಬೀಜಾಣು ಎಚ್ಚರಗೊಳ್ಳುತ್ತದೆ. 45 ಡಿಗ್ರಿಯ ಆಸುಪಾಸಿನಲ್ಲಿ ಬಾಡಿನ ರೋಗಾಣು ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಲೆಕ್ಕ ಹಾಕಿ ನೋಡಿ, ಮೂರು ಗಂಟೆಯಲ್ಲಿ ಒಂದು ಹೋಗಿ ಎರಡು ಲಕ್ಷ ದಾಟುತ್ತದೆ! ಹಂಡೆಯ ನೀರು ಚೊಂಬಿನ ನೀರಿನಷ್ಟು ಬೇಗ ಆರುವುದಿಲ್ಲವಷ್ಟೆ. ದೊಡ್ಡ ಪಾತ್ರೆಯ ಎಸರೂ ರಾತ್ರಿಯೆಲ್ಲ ಬೆಚ್ಚಗಿದ್ದು ಇದಕ್ಕೆ ಅನುಕೂಲ ಮಾಡಿಕೊಡುತ್ತದೆ. ತಿಂದ 8ರಿಂದ 12 ಗಂಟೆಯೊಳಗೆ ಹೊಟ್ಟೆನುಲಿತ, ಭೇದಿ. ಗಟ್ಟಿಮುಟ್ಟಾದವರು ಒಂದು ದಿನದಲ್ಲಿ ಚೇತರಿಸಿಕೊಂಡಾರು. ಎಳೆಮಕ್ಕಳಿಗೂ ಮುದುಕರಿಗೂ ಪ್ರಾಣಕ್ಕೇ ಸಂಚಕಾರ ಬರಬಹುದು.

ಬಾಡಿನ ಎಸರನ್ನು ಬೆಳಿಗ್ಗೆ ಮತ್ತೆ ಕೊತಕೊತ ಕುದಿಸಿದರೆ ಎಚ್ಚರಗೊಂಡ ರೋಗಾಣುಗಳಾದರೂ ಸಾಯುತ್ತವೆ. ಅನ್ನದ ಸಂಗತಿ ಹಾಗಲ್ಲ. ಅಲ್ಲಿ ರೋಗಾಣು ವಾಂತಿ ತರಿಸುವ ವಿಷವನ್ನು ಅನ್ನದಲ್ಲೇ ಬಿಟ್ಟಿರಬಹುದು. ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿದರೂ ಆ ವಿಷ ಹೋಗದು. ವಾಸನೆ ನೋಡಿ ಕಂಡುಹಿಡಿಯುತ್ತೇವೆ ಎಂಬ ಧೈರ್ಯವೂ ಬೇಡ. ಎಷ್ಟೋ ವೇಳೆ ವಾಸನೆಯೇ ಇರುವುದಿಲ್ಲ. ಹುಳಿ ಬಂದ ರಾಗಿ ಅಂಬಲಿಯ ಮಾತು ಬೇರೆ, ಆ ಹುಳಿಯಲ್ಲಿ ಇವು ಸುಲಭವಾಗಿ ಬೆಳೆಯಲಾರವು.

ಆದ್ದರಿಂದ ಅಡಿಗೆಯನ್ನು ಬಿಸಿಬಿಸಿಯಾಗಿ ಉಣ್ಣಿರಿ. ಬಡಿಸುವುದು ತಡವಾದರೆ ಹಬೆಯಾಡುವಂತೆ ಒಲೆಯ ಮೇಲೆಯೇ ಇಡಿ. ಮಿಕ್ಕಿದ್ದನ್ನು ಅಗಲವಾದ ಪಾತ್ರೆಗಳಿಗೆ ತೆಳುವಾಗಿ ಹಂಚಿ, ತಣ್ಣೀರಿನಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಫ್ರಿಜ್ಜಿಲ್ಲದ ಮನೆಯವರು ಅಳತೆ ನೋಡಿ ಅಡಿಗೆ ಮಾಡುವುದೇ ಲೇಸು.

ಭೇದಿಯಾದವರಿಗೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಮಗು ಸೊರಗಿ ಮೂತ್ರ ನಿಂತರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.